ಹೊಗೆಯ ರುಚಿ, ಅವ್ವನ ಕೆಮ್ಮು

ಹೈದರಾಬಾದಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಕೋಳಿಗೇನೂ ಬರವಿಲ್ಲ. ಬಿರಿಯಾನಿ, ತಂದೂರಿ, ಕಬಾಬು ಎಂದು ಬೀದಿಗೆರಡು ಅಂಗಡಿ. ಆದರೂ ಊರಿಗೆ ಹೋದಾಗ ಮೂಗಿಗೆ ಬೀಳುತ್ತಿದ್ದ ಒಂದು ವಾಸನೆ ಇಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಮೂಡಿಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ನಾಟಿಕೋಳಿಯ ಪುಕ್ಕ ಕಿತ್ತ ಮೇಲೆ ಅದನ್ನು ಉರಿಯಲ್ಲಿ ಹಿಡಿದು ಸುಡುತ್ತಾರೆ. ಉಳಿದ ಎಳೆಪುಕ್ಕ ಕರಗಿ, ಚರ್ಮ ಬಿಗಿಯಾಗುತ್ತದೆ. ಅರಿಶಿನ ಹಚ್ಚಿ ಮತ್ತೊಮ್ಮೆ ಬೆಂಕಿಗೆ ತೋರಿಸುತ್ತಾರೆ. ಆಮೇಲೆ ಎಷ್ಟು ಖಾರ ಅರೆದು ಹಾಕಿದರೂ ಸಾರಿನ ತಳದಲ್ಲಿ ಆ ಸುಟ್ಟ ಘಮ ಇದ್ದೇ ಇರುತ್ತದೆ.

ಅದನ್ನು ಹುಡುಕಿಕೊಂಡೇ ಲಾಕ್‌ಡೌನ್ ಮುಗಿದ ವರ್ಷ ಮುಚ್ಚಳವಿರುವ ಒಂದು ಇದ್ದಿಲು ಗ್ರಿಲ್ ತಂದೆ. ಅಪಾರ್ಟ್‌ಮೆಂಟಿನ ಸಂಘದವರನ್ನು ಒಪ್ಪಿಸಿ ತಾರಸಿಯ ಒಂದು ಮೂಲೆ ಗಿಟ್ಟಿಸಿಕೊಂಡೆ. ಇಂಟರ್ನೆಟ್ಟಿನಲ್ಲಿ ನೋಡಿದಂತೆ ಮಾವಿನ ಚಕ್ಕೆಗಳನ್ನು ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಕೆಂಡದ ಮೇಲೆ ಸುರಿದು, ಗಾಳಿಕಿಂಡಿ ಪೂರ್ತಿ ಮುಚ್ಚಿದೆ. ಬೆಳ್ಳಗೆ ದಟ್ಟ ಹೊಗೆ ಎದ್ದಿತು. ಹೊಗೆ ಹೆಚ್ಚಾದಷ್ಟೂ ರುಚಿ ಹೆಚ್ಚು ಅಂದುಕೊಂಡಿದ್ದೆ.

ಆಗ ಅವ್ವ ನಮ್ಮ ಮನೆಗೆ ಬಂದಿದ್ದಳು. ಮಗನ ಸಾಹಸ ನೋಡಲೆಂದು ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು ಕೆಮ್ಮತೊಡಗಿದಳು. 'ಏನ್ ಮಾರಾಯ, ಹಸಿ ಸೌದೆ ಒಟ್ಟಿದ್ದೀಯಲ್ಲ' ಎಂದು ಸೆರಗು ಮೂಗಿಗೊತ್ತಿಕೊಂಡು ಕೆಳಗಿಳಿದಳು. ಕೋಳಿ ಕಪ್ಪಗೆ ಹೊಳೆಯುತ್ತಿತ್ತು, ಬಾಯಿಗಿಟ್ಟರೆ ಡಾಂಬರು ನೆಕ್ಕಿದ ಹಾಗೆ ಕಹಿ. ಮಗಳು ಒಂದು ತುತ್ತಿಗೇ ತಟ್ಟೆ ಸರಿಸಿದಳು. ಅವ್ವನ ಕೆಮ್ಮು ಮಾತ್ರ ರಾತ್ರಿಯಾದರೂ ನಿಲ್ಲಲಿಲ್ಲ.

ಮರುವಾರ ಶ್ವಾಸಕೋಶದ ವೈದ್ಯರ ಬಳಿ ಕರೆದೊಯ್ದೆವು. ಅವರು ಮೊದಲು ಕೇಳಿದ್ದು, ಬೀಡಿ ಸೇದುತ್ತೀರಾ ಎಂದು. ನಾನು ತರ್ಜುಮೆ ಮಾಡಿ ಹೇಳಿದಾಗ ಅವ್ವ ನಕ್ಕಳು. ಎರಡನೆಯ ಪ್ರಶ್ನೆ, ಸೌದೆ ಒಲೆಯಲ್ಲಿ ಎಷ್ಟು ವರ್ಷ ಅಡುಗೆ ಮಾಡಿದ್ದೀರಿ ಎಂಬುದು. ಅವ್ವ ಬೆರಳು ಮಡಿಸಿ ಎಣಿಸಿದಳು. ತವರಿನಲ್ಲಿ ಹತ್ತು, ನಮ್ಮ ಮನೆಯಲ್ಲಿ ಮೂವತ್ತು. ವೈದ್ಯರು ಊದುವ ಪರೀಕ್ಷೆ ಮಾಡಿಸಿ ಸಿಒಪಿಡಿ ಎಂದು ಬರೆದು ಇನ್‌ಹೇಲರ್ ಕೊಟ್ಟರು. ಸೌದೆ, ಬೆರಣಿಗಳ ಹೊಗೆಯಲ್ಲಿ ದಶಕಗಟ್ಟಲೆ ಅಡುಗೆ ಮಾಡಿದ ಹೆಂಗಸರಿಗೆ ಒಮ್ಮೆಯೂ ಬೀಡಿ ಮುಟ್ಟದೆ ಈ ಕಾಯಿಲೆ ಬರುತ್ತದೆ ಎಂದರು. ನಾನು ಹುಡುಕುತ್ತಿದ್ದ ಘಮದ ಲೆಕ್ಕ ಯಾರ ಎದೆಯಲ್ಲಿ ಜಮೆಯಾಗಿತ್ತೆಂದು ಅಂದು ಗೊತ್ತಾಯಿತು.

ಗ್ರಿಲ್ ಮಾರಿಬಿಡೋಣ ಅಂದುಕೊಂಡೆ. ಬೇಡ ಅಂದವಳು ಅವ್ವನೇ. 'ಒಣ ಸೌದೆಗೆ ಗಾಳಿ ಕೊಟ್ರೆ ಅಷ್ಟು ಹೊಗೆ ಬರಲ್ಲ' ಅಂದಳು. ನಲವತ್ತು ವರ್ಷ ಒಲೆ ಊದಿದವಳ ಮಾತು ವಿಜ್ಞಾನಕ್ಕೂ ಸರಿಯಾಗಿಯೇ ಹೊಂದುತ್ತದೆ.

ಯಾವ ಹೊಗೆ ರುಚಿ, ಯಾವುದು ಕಹಿ

ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಬಿಸಿಗೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ವಸ್ತುಗಳು ಹುಟ್ಟುತ್ತವೆ. ನಾವು ಹೊಗೆಯ ರುಚಿ, ಹೊಗೆಯ ಘಮ ಅನ್ನುವುದು ಬಹುಪಾಲು ಇವನ್ನೇ. ಸೆಲ್ಯುಲೋಸ್‌ನಂಥ ಉಳಿದ ಭಾಗಗಳಿಂದ ಮಾಂಸಕ್ಕೆ ಕಂದು ಬಣ್ಣ, ತುಸು ಸಿಹಿ ಬರುತ್ತದೆ. ಸೌದೆ ಹಸಿಯಾಗಿದ್ದರೆ ಅಥವಾ ಗಾಳಿ ಸಾಲದಿದ್ದರೆ ಅದು ಪೂರ್ತಿ ಉರಿಯದೆ, ಬಿಳಿ ಹೊಗೆಯಾಗಿ ಟಾರಿನಂಥ ಕಹಿಯನ್ನು ಕೋಳಿಯ ಮೇಲೆ ಬಳಿಯುತ್ತದೆ. ಬೇಕಾದದ್ದು ಕಂಡೂ ಕಾಣದಂಥ ತೆಳು ನೀಲಿ ಹೊಗೆ. ಹಾಗಾಗಿ ಈಗ ನಾನು ಸೌದೆ ನೆನೆಸುವುದಿಲ್ಲ. ಕಿಂಡಿಗಳನ್ನು ತೆರೆದಿಟ್ಟು, ಚೆನ್ನಾಗಿ ಹತ್ತಿದ ಕೆಂಡದ ಮೇಲೆ ಮುಷ್ಟಿ ಗಾತ್ರದ ಒಣ ತುಂಡು ಎರಡೋ ಮೂರೋ ಇಡುತ್ತೇನೆ, ಅಷ್ಟೇ.

ಕೋಳಿ ಮಾಂಸ ಮೃದು, ಹೊಗೆಯನ್ನು ಬೇಗ ಹೀರುತ್ತದೆ. ಅದಕ್ಕೆ ಸೌಮ್ಯವಾದ ಮರ ಹೊಂದುತ್ತದೆ. ಮಾವು ಮತ್ತು ಸೀಬೆ ನನ್ನ ಮೊದಲ ಆಯ್ಕೆ. ಮಾವಿನ ತುಂಡು ಸಾಮಿಲ್ಲುಗಳಲ್ಲಿ ಸಿಗುತ್ತದೆ, ಬಣ್ಣ ಔಷಧಿ ತಾಗದ್ದೇ ಬೇಕೆಂದು ಕೇಳಿ ತರಬೇಕು. ಹುಣಸೆ ಗಟ್ಟಿ ಮರ. ಮಾಂಸದಂಗಡಿಯವರು ಕೊರಡಿಗೆ ಅದನ್ನೇ ಬಳಸುವುದು ಸುಮ್ಮನೆ ಅಲ್ಲ. ಅದರ ಕೆಂಡ ಬಹಳ ಹೊತ್ತು ಕಾವು ಹಿಡಿಯುತ್ತದೆ. ತೆಂಗಿನ ಚಿಪ್ಪು ಭಗ್ಗನೆ ಉರಿದು ಎಣ್ಣೆಹೊಗೆ ಬಿಡುತ್ತದೆ, ಅದನ್ನು ಇದ್ದಿಲು ಮಾಡಿ ಬಳಸಿದರೆ ಮಾತ್ರ ಒಳ್ಳೆಯದು.

ಅಮೆರಿಕದವರು ಮೆಸ್ಕೀಟ್ ಎಂದು ಕೊಂಡಾಡುವ ಮರದ ಹತ್ತಿರದ ನೆಂಟ ನಮ್ಮ ಬಳ್ಳಾರಿ ಜಾಲಿ. ಎರಡೂ ಪ್ರೊಸೋಪಿಸ್ ಕುಲದವು. ಇಲ್ಲಿ ತೆಲುಗರು ಅದನ್ನು ಸರ್ಕಾರ್ ತುಮ್ಮ ಅನ್ನುತ್ತಾರೆ. ಚೆನ್ನೈ ಕಡೆ ಇರುವವರು ಸೀಮೆ ಕರುವೇಲಂ ಎಂದು ಕೇಳಿರುತ್ತೀರಿ. ಅದರ ಹೊಗೆ ಖಡಕ್ಕು. ಹತ್ತು ಹದಿನೈದು ನಿಮಿಷದಲ್ಲಿ ಸುಟ್ಟು ತೆಗೆಯುವ ರೆಕ್ಕೆ, ತುಂಡುಗಳಿಗೆ ಚಂದ. ಗಂಟೆಗಟ್ಟಲೆ ಹೊಗೆಗಿಟ್ಟರೆ ಕಹಿಯಾಗುತ್ತದೆ. ನನಗೆ ಎಲ್ಲಕ್ಕಿಂತ ಮೆಚ್ಚು ಕಾಫಿ ಗಿಡ ಸವರಿದಾಗ ಬೀಳುವ ಒಣಕೊಂಬೆ. ಊರಿಂದ ಬರುವಾಗ ಚೀಲದಲ್ಲಿ ಒಂದು ಕಟ್ಟು ಇದ್ದೇ ಇರುತ್ತದೆ.

ಮುಟ್ಟಬಾರದ್ದೂ ಇದೆ. ಪ್ಲೈವುಡ್, ಬಣ್ಣ ಹೊಡೆದ ಹಲಗೆ, ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿ ಬೇಡ. ಅಂಟಿರುವ ಪೈನ್ ಮರ ಮಸಿ ಹಿಡಿಸುತ್ತದೆ. ಕಣಗಿಲೆ ಗಿಡ ಪೂರ್ತಿ ವಿಷ, ಅದರ ಕಡ್ಡಿಯನ್ನು ಕಂಬಿಯಾಗಿಯೂ ಬಳಸಬೇಡಿ.

ತಾರಸಿಯ ಮೇಲೆ

ನಗರದ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಚರ್ಮ ಇರಲಿ ಎಂದು ಮೊದಲೇ ಹೇಳಿ, ಇಲ್ಲವಾದರೆ ಮಾಂಸ ಒಣಗುತ್ತದೆ. ಒಂದೂಕಾಲು ಕೆ.ಜಿ.ಯ ಕೋಳಿಯ ಬೆನ್ನುಮೂಳೆ ತೆಗೆಸಿ ಅಗಲಕ್ಕೆ ಬಿಡಿಸಿ. ಲೀಟರಿಗೆ 50 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಮುಳುಗಿಸಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಆಮೇಲೆ ಒರೆಸಿ, ಕೆಳಗಿನ ತಟ್ಟಿನಲ್ಲಿ ಮುಚ್ಚದೆ ರಾತ್ರಿಯಿಡೀ ಫ್ರಿಜ್ಜಿನಲ್ಲೇ ಬಿಟ್ಟರೆ ಚರ್ಮ ಒಣಗಿ ಗರಿಗರಿಯಾಗುತ್ತದೆ.

ಕೆಂಡವನ್ನು ಒಂದೇ ಪಕ್ಕಕ್ಕೆ ಒಟ್ಟಿ, ಕೋಳಿಯನ್ನು ಇನ್ನೊಂದು ಪಕ್ಕಕ್ಕಿಟ್ಟು ಮುಚ್ಚಳ ಹಾಕಿ. ಅದರ ಕೆಳಗೊಂದು ನೀರಿನ ತಟ್ಟೆ ಇರಲಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದರೆ ಏಳುವ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಒಳಗಿನ ಕಾವು 140ರಿಂದ 150 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದೂಕಾಲು, ಒಂದೂವರೆ ಗಂಟೆ ಸಾಕು. ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸಬೇಡಿ. ಹೊಗೆ ಹಿಡಿದ ಮಾಂಸ ಬೆಂದರೂ ಕೆಂಪಗೆ ಕಾಣಬಹುದು. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು.

ಇನ್ನೊಂದು ಮಾತನ್ನು ಮುಂಬೈ, ಪುಣೆಯ ಗೆಳೆಯರಿಗೆ ಒತ್ತಿ ಹೇಳಬೇಕು. ಗಾಜು ಮುಚ್ಚಿದ ಬಾಲ್ಕನಿಯಲ್ಲಿ, ಅಡುಗೆಮನೆಯಲ್ಲಿ ಇದ್ದಿಲು ಹಚ್ಚಲೇಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಗೊತ್ತಾಗುವ ಮೊದಲೇ ಜೀವ ತೆಗೆಯುತ್ತದೆ. ತೆರೆದ ತಾರಸಿ ಇಲ್ಲವೆಂದರೆ ಈ ಗೀಳು ಬೇಡ.

ಹೊಗೆಯ ಈ ತೊಂದರೆ ನಮ್ಮವರಿಗೆ ತಿಳಿಯದ್ದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿತ್ತು. ನಮ್ಮ ಮನೆಗೆ ಅದು ಬರಲೇ ಇಲ್ಲ. ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಯ ಒಲೆ ಹಾಗೇ ಹೊಗೆಯಾಡುತ್ತಿತ್ತು. ಬೆಳಗಿನ ಜಾವ ಅದಕ್ಕೆ ಬೆಂಕಿ ಹಾಕುತ್ತಿದ್ದವಳೂ ಅವ್ವನೇ. ಹೋದ ಬೇಸಿಗೆಯಲ್ಲಿ ಗಾರೆಯವರನ್ನು ಕರೆಸಿ ಮಾಡಿನ ಮೇಲಕ್ಕೆ ಚಿಮಣಿ ಏರಿಸಿದೆ. ಮೂರು ದಿನದ ಕೆಲಸ. ಇಪ್ಪತ್ತು ವರ್ಷ ಮೊದಲೇ ಮಾಡಿಸಬಹುದಿತ್ತು.

ನಾಟಿಕೋಳಿಯನ್ನು ಗ್ರಿಲ್ಲಿನಲ್ಲೇ ಪೂರ್ತಿ ಬೇಯಿಸಲು ಹೋಗಿ ಸೋತಿದ್ದೇನೆ, ಚಪ್ಪಲಿಯಂತೆ ಗಟ್ಟಿಯಾಗುತ್ತದೆ. ಈ ಸಲ ದೀಪಾವಳಿಗೆ ಅವ್ವ ಬಂದಾಗ ಬೇರೆ ದಾರಿ ಹಿಡಿದೆ. ಕಾಫಿ ಕೊಂಬೆಯ ತೆಳು ಹೊಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ಇಳಿಸಿದ ಕೂಡಲೇ ಕತ್ತರಿಸಿ ಕುಕ್ಕರಿಗೆ ಹಾಕಿದೆ. ಅರೆಬೆಂದದ್ದನ್ನು ಹಾಗೇ ಇಡುವಂತಿಲ್ಲ. ಖಾರ ಅರೆದದ್ದು ಅವ್ವ, ಹೆಂಡತಿ ಕಡುಬು ಮಾಡಿದಳು. ಹೊಗೆ ಹಾಕುವಾಗ ಅವ್ವನನ್ನು ತಾರಸಿಗೆ ಬರಗೊಡಲಿಲ್ಲ.

ಊಟಕ್ಕೆ ಕೂತಾಗ ಅವಳ ಮುಖವನ್ನೇ ನೋಡುತ್ತಿದ್ದೆ.

'ಹೊಗೆ ಕಮ್ಮಿ ಆಯ್ತೇನವ್ವ?'

ಅವ್ವ ಇನ್ನೊಂದು ಕಡುಬು ಮುರಿದು ಸಾರಿಗೆ ಅದ್ದಿದಳು. 'ಇರ್ಲಿ ಬಿಡು ಮಗ, ಇಷ್ಟು ಸಾಕು.'