ಹಡಗಿನ ಗಾಜಿನಲ್ಲಿ ಚಂದ್ರದರ್ಶನ

ಸ್ಯಾನ್‌ಫ್ರಾನ್ಸಿಸ್ಕೋ ನಗರದ ವೇದಾಂತ ಸೊಸೈಟಿಯನ್ನು 1944ರಲ್ಲಿ ಸೇರಿದ ಜಾನ್ ಡಾಬ್ಸನ್ ರಸಾಯನಶಾಸ್ತ್ರ ಬಲ್ಲವರು. ವಿಶ್ವದ ರಹಸ್ಯವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಅವರದು. ಆದರೆ ಆಶ್ರಮವಾಸಿಗೆ ದೂರದರ್ಶಕ ಕೊಳ್ಳಲು ಹಣವೆಲ್ಲಿಯದು? 1956ರಲ್ಲಿ ಹಡಗಿನ ಗವಾಕ್ಷಿಯ ದಪ್ಪ ಗಾಜನ್ನು ಸಂಪಾದಿಸಿ, 12 ಅಂಗುಲದ ದರ್ಪಣವನ್ನು ತಾವೇ ಉಜ್ಜಿ ಸಿದ್ಧಪಡಿಸಿದರು. ಅದರಲ್ಲಿ ಚಂದ್ರನನ್ನು ಕಂಡೊಡನೆ, ಈ ನೋಟ ಎಲ್ಲರಿಗೂ ದೊರೆಯಬೇಕೆಂದು ಅವರಿಗನ್ನಿಸಿತು.

ಇಂಥ ದರ್ಪಣಕ್ಕೆ ಬೇಕಾದ ಸಾಮಗ್ರಿ ಬಹು ಸರಳ. ಒಂದು ಗಾಜಿನ ಬಿಲ್ಲೆಯ ಮೇಲೆ ಮತ್ತೊಂದನ್ನಿಟ್ಟು, ನಡುವೆ ನೀರು ಮತ್ತು ಒರಟು ಪುಡಿಯನ್ನು ಹಾಕಿ ಹಿಂದೆ ಮುಂದೆ ಉಜ್ಜಬೇಕು. ನಡುನಡುವೆ ಮೇಲಿನ ಬಿಲ್ಲೆಯನ್ನು ತಿರುಗಿಸುತ್ತ, ಮೇಜಿನ ಸುತ್ತ ಪ್ರದಕ್ಷಿಣೆ ಹಾಕಬೇಕು. ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಅಳತೆಯ ಯಂತ್ರವಿಲ್ಲದೆಯೂ ಎರಡೂ ಗೋಳದ ತುಣುಕುಗಳಾಗುವುದು ಈ ಉಜ್ಜಾಟದ ಸೋಜಿಗ! ಹೊಸಬರು ಸಾಮಾನ್ಯವಾಗಿ ಆರಿಸುವ 6 ಅಂಗುಲದ, 4 ಅಡಿ ನಾಭಿದೂರದ ದರ್ಪಣದಲ್ಲಿ ನಡುವಿನ ತಗ್ಗು ಒಂದು ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಬಳಿಕ ಪುಡಿ ನುಣುಪಾಗುತ್ತ ಹೋಗಿ, ಕೊನೆಗೆ ರಾಳದ ಪದರದ ಮೇಲೆ, ಅಕ್ಕಸಾಲಿಗರು ಒಡವೆಗೆ ಮೆರುಗು ಕೊಡುವಂಥ ಕೆಂಪು ಪುಡಿಯಿಂದ ಹೊಳಪು ಬರಿಸುವುದು.

ಹೊಳಪು ಬಂದರೆ ಕೆಲಸ ಮುಗಿಯಿತೆನ್ನುವಂತಿಲ್ಲ. ಗೋಳಾಕಾರವನ್ನು ಪರವಲಯಕ್ಕೆ ತಿದ್ದಬೇಕು. 6 ಅಂಗುಲದ ದರ್ಪಣದಲ್ಲಿ ಇವೆರಡರ ಅಂತರ ಅಂಚಿನಲ್ಲಿ ಸುಮಾರು 0.0003 ಮಿಲಿಮೀಟರು ಮಾತ್ರ. ಇಷ್ಟು ಸೂಕ್ಷ್ಮವನ್ನು ಮನೆಯಲ್ಲಿ ಅಳೆಯುವುದೆಂತು? ಲೋಲಕದಿಂದ ಭೂಭ್ರಮಣವನ್ನು ತೋರಿಸಿದ ಫ್ರಾನ್ಸಿನ ಫೂಕೋ 1858ರಲ್ಲಿ ಇದಕ್ಕೂ ಉಪಾಯ ಹೂಡಿದರು. ಕತ್ತಲ ಕೋಣೆಯಲ್ಲಿ ದರ್ಪಣದಿಂದ 8 ಅಡಿ ದೂರದಲ್ಲಿ ಸೂಜಿರಂಧ್ರದ ಹಿಂದೊಂದು ದೀಪ; ಹಿಂದಿರುಗುವ ಕಿರಣಗಳಿಗೆ ಅಡ್ಡವಾಗಿ ಒಂದು ಕ್ಷೌರದ ಬ್ಲೇಡು. ಬರಿಯ ಗಾಜು ಹಿಂದಿರುಗಿಸುವುದು ನೂರಕ್ಕೆ ನಾಲ್ಕು ಪಾಲು ಬೆಳಕನ್ನಾದರೂ ಪರೀಕ್ಷೆಗೆ ಅಷ್ಟು ಸಾಕು. ಅಚ್ಚ ಗೋಳವಾಗಿದ್ದರೆ ದರ್ಪಣವೆಲ್ಲ ಒಮ್ಮೆಗೇ ಸಮನಾಗಿ ಮಸುಕಾಗುತ್ತದೆ. ಇಲ್ಲವಾದರೆ ನೆರಳುಗಳೆದ್ದು, ನುಣುಪಾದ ಗಾಜು ಬೆಟ್ಟಕಣಿವೆಗಳ ನಾಡಿನಂತೆ ಕಾಣುತ್ತದೆ. ಗಾಜನ್ನು ಹೆಬ್ಬೆರಳಿನಿಂದ ಕೆಲವು ಕ್ಷಣ ಮುಟ್ಟಿದರೂ ಸಾಕು, ಆ ಬಿಸಿಗೆ ಉಬ್ಬಿದ ದಿಣ್ಣೆ ಕಣ್ಣಿಗೆ ಬೀಳುತ್ತದೆ! ಆದುದರಿಂದ ಹೊಳಪು ಕೊಟ್ಟೊಡನೆ ಪರೀಕ್ಷೆಗಿಳಿಯುವ ಆತುರಗಾರರು ಮೋಸಹೋಗುತ್ತಾರೆ. ಗಾಜು ತಣಿಯುವವರೆಗೆ ಕಾಯಲೇಬೇಕು.

ಡಾಬ್ಸನ್ 1958ರಲ್ಲಿ ಸ್ಯಾಕ್ರಮೆಂಟೋ ಆಶ್ರಮಕ್ಕೆ ಹೋದ ಮೇಲೂ ಈ ಗೀಳು ಬಿಡಲಿಲ್ಲ. ಪತ್ರಗಳಲ್ಲಿ ದೂರದರ್ಶಕವನ್ನು ‘ಜಿರೇನಿಯಂ ಗಿಡ’ವೆಂದು ಗುಟ್ಟಾಗಿ ಬರೆಯುತ್ತಿದ್ದರಂತೆ! ನೆರೆಹೊರೆಯವರಿಗೆ ಆಕಾಶ ತೋರಿಸಲು ಹೊರಗೆ ಹೋಗುವುದೂ ಹೆಚ್ಚಿತು. ಆಶ್ರಮಕ್ಕೂ ತನ್ನದೇ ನಿಯಮಗಳುಂಟಲ್ಲ. 1967ರಲ್ಲಿ, 23 ವರ್ಷಗಳ ಬಾಳನ್ನು ಬಿಟ್ಟು ಅವರು ಹೊರಬರಬೇಕಾಯಿತು.

ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಕಾಲುದಾರಿಯಲ್ಲಿ, ರಟ್ಟಿನ ಕೊಳವೆ ಮತ್ತು ಪ್ಲೈವುಡ್ಡಿನ ಪೀಠದ ದೂರದರ್ಶಕಗಳು ಕಾಣಿಸಿಕೊಂಡವು. ದಾರಿಹೋಕರನ್ನು ಕರೆಕರೆದು ಶನಿಗ್ರಹದ ಬಳೆಯನ್ನು ತೋರಿಸುತ್ತಿದ್ದವರು, ಮೊನ್ನೆಯವರೆಗೆ ಆಶ್ರಮವಾಸಿಯಾಗಿದ್ದ ಅದೇ ಡಾಬ್ಸನ್.