ಬೇರುಗಂಟಿನ ಸೂಕ್ಷ್ಮಜೀವಿಯೂ ಬಿಸಿಲಿನ ತಾಪವೂ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಹಾಲವಾಣದ ಎಳೆಯ ಬೇರನ್ನು ಮೆಲ್ಲಗೆ ಅಗೆದು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುವುವು. ಅಲಸಂದೆ, ಹುರುಳಿ, ಅವರೆ, ಅಪ್ಸೆಣಬುಗಳ ಬೇರುಗಳಲ್ಲಿಯೂ ಇವು ಉಂಟು. ಇವು ರೋಗದ ಚಿಹ್ನೆಗಳಲ್ಲ. ಇವುಗಳೊಳಗೆ ವಾಸಿಸುವ ರೈಝೋಬಿಯಂ ವರ್ಗದ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಉಪಯೋಗವಾಗುವ ರೂಪಕ್ಕೆ ತರುವುವು. ದ್ವಿದಳ ಧಾನ್ಯದ ಬೀಜಕ್ಕೆ ಲೇಪಿಸುವ ಜೀವಾಣು ಗೊಬ್ಬರದ ಪೊಟ್ಟಣದಲ್ಲಿರುವುದೂ ಇದೇ ವರ್ಗದ ಜೀವಿ. ಪೊಟ್ಟಣವನ್ನು ಬಿಸಿಲಿನಲ್ಲಿಟ್ಟು ಲೇಪಿಸಿದರೆ ಹಣವೂ ಶ್ರಮವೂ ವ್ಯರ್ಥವಾಗುವುವು. ಇದರ ಕಾರಣವನ್ನು ಭೂಮಾಲಿಕರು ತಿಳಿದಿರುವುದು ಒಳ್ಳೆಯದು.

ಕೋಳಿಮೊಟ್ಟೆಯ ಬಿಳಿಯ ಭಾಗವು ಕಾಯಿಸಿದಾಗ ಗಟ್ಟಿಯಾಗುವಂತೆ, ಅತಿಯಾದ ಶಾಖದಲ್ಲಿ ಸೂಕ್ಷ್ಮಜೀವಿಯ ಒಳಗಿನ ಸಸಾರಜನಕ ಪದಾರ್ಥಗಳು ಕೆಟ್ಟು ಒಂದಕ್ಕೊಂದು ಅಂಟಿಕೊಳ್ಳುವುವು. ಇದನ್ನು ತಡೆಯುವ ರಕ್ಷಕ ಸಸಾರಜನಕಗಳನ್ನು ಆ ಜೀವಿಯೇ ತಯಾರಿಸಿಕೊಳ್ಳಬಲ್ಲುದು. ಆದರೆ ಶಾಖವೇರಿತೆಂದು ಅದಕ್ಕೆ ತಿಳಿಯುವುದು ಹೇಗೆ?

ವಂಶವಾಹಿಯಲ್ಲಿರುವ ಆಜ್ಞೆಯ ನಕಲನ್ನು ಹೊತ್ತಿರುವ ಎಳೆಗೆ ಆರ್.ಎನ್.ಎ. ಎಂದು ಹೆಸರು. ಇದನ್ನು ಅರಗಿನಿಂದ ಅಂಟಿಸಿದ ಸರ್ಕಾರಿ ನಿರೂಪಕ್ಕೆ ಹೋಲಿಸಬಹುದು. ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಈ ಎಳೆಯ ತಲೆಭಾಗವು ಮಡಿಸಿಕೊಂಡಿದ್ದು, ಓದಲು ಆರಂಭಿಸಬೇಕಾದ ಸ್ಥಳವು ಮಡಿಕೆಯಲ್ಲಿ ಅಡಗಿರುವುದು. ಶಾಖವು 40 ಡಿಗ್ರಿಯನ್ನು ಮೀರಿದಾಗ ಅರಗು ಕರಗಿದಂತೆ ಮಡಿಕೆಯು ಸಡಿಲುವುದು. ಆಗ ನಿರೂಪವು ಓದಲ್ಪಟ್ಟು ರಕ್ಷಕ ಸಸಾರಜನಕಗಳು ಸಿದ್ಧವಾಗುವುವು. ತಂಪಾದೊಡನೆ ಮಡಿಕೆಯು ಮತ್ತೆ ಮುಚ್ಚಿಕೊಳ್ಳುವುದು. ಸೋಯಾ ಅವರೆಯ ಬೇರುಗಂಟಿನ ಬ್ರಾಡಿರೈಝೋಬಿಯಂ ಜಪಾನಿಕಂ ಎಂಬ ಜೀವಿಯಲ್ಲಿ ಆರ್.ಎನ್.ಎ. ಎಳೆಯೇ ಹೀಗೆ ಉಷ್ಣಮಾಪಕದಂತೆ ವರ್ತಿಸುವುದೆಂದು ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಈ ಭಾಗಕ್ಕೆ ‘ರೋಸ್’ ಎಂದು ಹೆಸರು. ಇದೇ ತತ್ತ್ವವನ್ನನುಸರಿಸಿ 2008ರಲ್ಲಿ ಜರ್ಮನಿಯ ವಿದ್ವಾಂಸರು ಕೃತಕ ಆರ್.ಎನ್.ಎ. ಉಷ್ಣಮಾಪಕಗಳನ್ನು ರಚಿಸಿ, ಬೇರೊಂದು ಬ್ಯಾಕ್ಟೀರಿಯದ ವಂಶವಾಹಿಯ ಕಾರ್ಯವನ್ನು ಶಾಖದಿಂದಲೇ ಹತೋಟಿಗೆ ತಂದರು.

ಆದರೆ ಈ ರಕ್ಷಣೆಗೆ ಒಂದು ಮಿತಿಯುಂಟು. ತಾಪವು ಬಹಳ ಹೊತ್ತು ನಿಂತರೆ ಜೀವಿಯು ಸಾಯುವುದು. ಸತ್ತ ಜೀವಿಯಿಂದ ಗಂಟು ಕಟ್ಟದು. ಆದಕಾರಣ ಪೊಟ್ಟಣವನ್ನು ಬಿಸಿಲು ಬೀಳುವ ಗಾಡಿಯಲ್ಲಾಗಲಿ, ಒಲೆಯ ಬಳಿಯಲ್ಲಾಗಲಿ, ತಗಡಿನ ಮಾಡಿನ ಕೆಳಗಾಗಲಿ ಇಡಬಾರದು. ಬೆಲ್ಲದ ನೀರನ್ನು ಪೂರ್ಣವಾಗಿ ಆರಿಸಿದ ಮೇಲೆಯೇ ಬೆರೆಸತಕ್ಕದ್ದು. ಲೇಪಿಸಿದ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಮಳೆಯಿಂದ ನೆಲವು ತಂಪಾಗಿರುವಾಗ ಅದೇ ದಿನ ಬಿತ್ತಿ ಮಣ್ಣು ಮುಚ್ಚತಕ್ಕದ್ದು. ಅವಧಿ ಮೀರಿದ ಪೊಟ್ಟಣವನ್ನು ಕೊಳ್ಳಬಾರದು.

ಬಿತ್ತಿದ ಒಂದೂವರೆ ತಿಂಗಳಿಗೆ ಒಂದೆರಡು ಗಿಡಗಳನ್ನು ಕಿತ್ತು ಗಂಟನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪು ಬಣ್ಣವಿದ್ದರೆ ಜೀವಿಯು ಕೆಲಸದಲ್ಲಿದೆಯೆಂದು ತಿಳಿಯಬಹುದು. ಗ್ರಾಮದ ಮುಖಂಡರು ಇದನ್ನು ತಮ್ಮ ಹೊಲದಲ್ಲಿ ಮೊದಲು ಪರೀಕ್ಷಿಸಿ ಇತರ ರೈತರಿಗೂ ತೋರಿಸಿಕೊಟ್ಟರೆ ಊರಿಗೆಲ್ಲ ಉಪಕಾರವಾಗುವುದು.