ಹಳ್ಳಿಯ ಕಿರುಶಾಲೆಯಲ್ಲಿ ವಸಂತ

ಬಾಲಮಿತ್ರರೇ, ಮುಂಬಯಿಯಂತಹ ನಗರದಲ್ಲಿ ವಾಸಿಸುವ ನಮಗೆ ವಸಂತವು ಬಂದುದು ತಿಳಿಯುವುದು ಬಹುಮಟ್ಟಿಗೆ ಪರೀಕ್ಷೆಯ ವೇಳಾಪಟ್ಟಿಯಿಂದ. ಅದೇ ದಿನಗಳಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಹೊಂಗೆಯು ಹಳೆಯ ಎಲೆಯನ್ನು ಉದುರಿಸಿ ಎಳೆಯ ಚಿಗುರನ್ನು ತಾಳಿರುತ್ತದೆ. ಮುತ್ತುಗವು ಎಲೆಯಿಲ್ಲದ ಕೊಂಬೆಗಳಲ್ಲಿ ಕೆಂಡದಂತಹ ಹೂವನ್ನು ಹೊತ್ತು ನಿಂತಿರುತ್ತದೆ. ಹುಣಸೆಯ ಹಣ್ಣನ್ನು ಬಡಿಯುವ ಸದ್ದು ಬೆಳಗಿನಲ್ಲಿ ಕೇಳಿಬರುತ್ತದೆ. ಅಂತಹ ಊರುಗಳ ಸಣ್ಣ ಶಾಲೆಗಳಲ್ಲಿ ಈ ಋತುವು ಪಾಠವಾಗುವ ಬಗೆ ಯಾವುದು, ಊರಿಗೂ ಶಾಲೆಗೂ ಇರುವ ನಂಟು ಎಂತಹದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಿರುಶಾಲೆಯೆಂದರೆ ಒಂದೆರಡು ಕೋಣೆಗಳ ಶಾಲೆ. ಒಬ್ಬರೋ ಇಬ್ಬರೋ ಉಪಾಧ್ಯಾಯರು. ಒಂದರಿಂದ ಐದನೆಯ ತರಗತಿಯವರೆಗೆ ಎಲ್ಲ ಸೇರಿ ಇಪ್ಪತ್ತೋ ಮೂವತ್ತೋ ಮಕ್ಕಳು. ಒಂದನೆಯ ತರಗತಿಯಲ್ಲಿ ನಾಲ್ವರಿದ್ದರೆ ಮೂರನೆಯದರಲ್ಲಿ ಇಬ್ಬರೇ ಇರಬಹುದು. ಹಿಂದೆ ಇಂತಹ ಶಾಲೆಯಲ್ಲಿ ಒಂದು ತರಗತಿಗೆ ಪಾಠ ನಡೆಯುತ್ತಿದ್ದರೆ ಉಳಿದವರು ಕಾಪಿ ಬರೆಯುತ್ತ ಸುಮ್ಮನೆ ಕುಳಿತಿರಬೇಕಾಗಿತ್ತು. ಮಕ್ಕಳು ಕಡಿಮೆಯಿರುವುದೂ ಬೇರೆ ಬೇರೆ ವಯಸ್ಸಿನವರು ಒಂದೇ ಕಡೆ ಇರುವುದೂ ದೊಡ್ಡ ಕೊರತೆಯೆಂದೇ ಎಲ್ಲರೂ ಎಣಿಸಿದ್ದರು.

ಈ ಕೊರತೆಯನ್ನೇ ಅನುಕೂಲವಾಗಿ ಮಾರ್ಪಡಿಸಿಕೊಳ್ಳುವ ಪ್ರಯತ್ನವೊಂದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾಯಿತು. ಅಲ್ಲಿಯ ಉಪಾಧ್ಯಾಯರು ಆಂಧ್ರಪ್ರದೇಶದ ಮದನಪಲ್ಲೆಯ ಬಳಿಯಿರುವ ಋಷಿವ್ಯಾಲಿಗೆ ಹೋಗಿ, ಆ ಸಂಸ್ಥೆಯು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ಕಂಡುಬಂದರು. ಯುನಿಸೆಫ್ ಸಂಸ್ಥೆಯ ನೆರವು ದೊರೆಯಿತು. ತಮ್ಮ ಊರಿನ ಹಾಡು, ಕಥೆ, ಆಟಗಳನ್ನು ಸೇರಿಸಿ ಅವರು ಕಟ್ಟಿದ ಪದ್ಧತಿಗೆ 'ನಲಿ-ಕಲಿ' ಎಂದು ಹೆಸರಾಯಿತು. 2009-10ರಲ್ಲಿ ಇದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಲಾಯಿತು.

ಇದರ ತಿರುಳು ಬಹು ಸರಳವಾದುದು. ಇಡೀ ವರ್ಷದ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು 'ಕಲಿಕಾ ಏಣಿ'ಯೆಂಬ ಪಟವೊಂದನ್ನು ಗೋಡೆಗೆ ತೂಗುಹಾಕುವರು. ಪ್ರತಿಯೊಂದು ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಒಂದು ಚಿತ್ರದ ಗುರುತು. ಮಗುವು ಏಣಿಯಲ್ಲಿ ತಾನಿರುವ ಸ್ಥಾನವನ್ನು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು ಹೋಗಿ, ಆ ಗುರುತಿಗೆ ಒಪ್ಪುವ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಒಂದು ಗುಂಪಿಗೆ ಉಪಾಧ್ಯಾಯರೇ ಕಲಿಸುವರು. ಇನ್ನೊಂದರಲ್ಲಿ ಮುಂದಿರುವ ಮಗು ಹಿಂದಿರುವ ಮಗುವಿಗೆ ಹೇಳಿಕೊಡುತ್ತದೆ. ಮತ್ತೊಂದರಲ್ಲಿ ಮಕ್ಕಳು ತಾವಾಗಿಯೇ ಅಭ್ಯಾಸ ಮಾಡುವರು. ಮಕ್ಕಳ ಕೈಗೆ ಎಟುಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆಯಿರುತ್ತದೆ. ಅವರು ಬರೆದ ಚಿತ್ರಗಳನ್ನು ತಲೆಯ ಮೇಲ್ಗಡೆ ದಾರಕ್ಕೆ ತೂಗುಹಾಕುವರು. ಇದಕ್ಕೆ 'ಚಪ್ಪರ'ವೆಂದು ಹೆಸರು.

ವಸಂತವು ಬಂದಾಗ ಈ ಚಪ್ಪರದ ಅಡಿಯಲ್ಲಿ ಮಾಡಲು ಕೆಲಸಕ್ಕೆ ಬರವಿಲ್ಲ. ಹೊಂಗೆಯ ಎಲೆಯನ್ನೂ ಬೇವಿನ ಎಲೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದರ ಅಂಚು ನುಣುಪು, ಇನ್ನೊಂದರದು ಗರಗಸ. ಇದನ್ನು ಒಂದನೆಯ ತರಗತಿಯ ಮಗು ಬೆರಳಿನಿಂದ ಮುಟ್ಟಿ ತಿಳಿಯುತ್ತದೆ. ಮೂರನೆಯ ತರಗತಿಯ ಮಗು ನಾಲ್ಕು ವಾಕ್ಯಗಳಲ್ಲಿ ಬರೆಯುತ್ತದೆ. ಮನೆಯಲ್ಲಿ ಹುಣಸೆಹಣ್ಣನ್ನು ಕುಟ್ಟಿ ತೆಗೆದ ಬೀಜಗಳು ಶಾಲೆಗೆ ಬಂದು ಹತ್ತು ಹತ್ತರ ಗುಡ್ಡೆಗಳಾಗಿ ಎಣಿಕೆಯನ್ನು ಕಲಿಸುತ್ತವೆ. ಗೋಡೆಯ ಮೇಲಿನ ಹವಾಮಾನದ ನಕ್ಷೆಯಲ್ಲಿ ಬಿಸಿಲು, ಮೋಡ, ಮಳೆಗಳನ್ನು ದಿನವೂ ಗುರುತಿಸುವ ಕೆಲಸ ಮಕ್ಕಳದೇ. ಯುಗಾದಿಯ ದಿನ ಊರಿನ ಹಿರಿಯರು ಪಂಚಾಂಗಶ್ರವಣದಲ್ಲಿ ಅಶ್ವಿನಿ, ಭರಣಿ ಮಳೆಗಳು ಹೇಗೆ ಬಂದಾವೆಂಬುದನ್ನು ಕೇಳುವರು. ನಿಜವಾಗಿ ಯಾವ ದಿನ ಹನಿ ಬಿದ್ದಿತೆಂಬುದನ್ನು ಮಕ್ಕಳ ನಕ್ಷೆಯು ಹೇಳುತ್ತದೆ.

ಮಾರ್ಚ್ 20 ಅಥವಾ 21ರಂದು ಹಗಲು-ಇರುಳುಗಳು ಹೆಚ್ಚುಕಡಿಮೆ ಸಮನಾಗಿರುತ್ತವೆ. ಆ ದಿನ ಮಾಡಬಹುದಾದ ಪ್ರಯೋಗವೊಂದಕ್ಕೆ ಒಂದು ಮೀಟರು ಉದ್ದದ ಕೋಲು ಸಾಕು. ಅಂಗಳದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯನ್ನು ಆಗಾಗ ಗುರುತು ಮಾಡಿದರೆ, ಆ ಚುಕ್ಕೆಗಳು ಪಶ್ಚಿಮದಿಂದ ಪೂರ್ವಕ್ಕೆ ನೇರವಾದ ಗೆರೆಯಲ್ಲಿ ಸಾಲುಗೊಳ್ಳುತ್ತವೆ. ಹೆಗ್ಗಡದೇವನಕೋಟೆಯಲ್ಲಿ ಹನ್ನೆರಡೂವರೆಯ ಹೊತ್ತಿಗೆ ನೆರಳು ಅತ್ಯಂತ ಗಿಡ್ಡವಾಗಿ ಸುಮಾರು 21 ಸೆಂಟಿಮೀಟರಿಗೆ ಬರುತ್ತದೆ. ದಿಕ್ಕು, ಅಳತೆ, ಸೂರ್ಯನ ಚಲನೆ, ಈ ಮೂರೂ ಪಾಠಗಳು ಒಂದೇ ಕೋಲಿನಿಂದ ಆದುವು!

ಆದರೆ ವಸಂತದಲ್ಲಿ ಈ ಶಾಲೆಗಳು ಮಾಡುವ ಮುಖ್ಯವಾದ ಕಾರ್ಯವು ಬೇರೊಂದುಂಟು. ಡಿಸೆಂಬರಿನಿಂದ ಮಾರ್ಚಿನವರೆಗೆ ಕೊಡಗಿನಲ್ಲಿ ಕಾಫಿಯ ಕೊಯ್ಲು. ಆ ತಾಲ್ಲೂಕಿನ ಬಡ ಕುಟುಂಬಗಳು, ಅದರಲ್ಲೂ ಕಾಡಂಚಿನ ಹಾಡಿಗಳವರು, ಕೂಲಿಗಾಗಿ ತೋಟಗಳಿಗೆ ಹೋಗುವುದುಂಟು. ತಂದೆತಾಯಿಗಳೊಡನೆ ಮಕ್ಕಳೂ ಹೋಗುವರು. ಎರಡು ತಿಂಗಳ ಮೇಲೆ ಹಿಂತಿರುಗಿದ ಮಗುವಿನ ಗತಿಯೇನು? ನಮ್ಮಂತಹ ದೊಡ್ಡ ಶಾಲೆಯಲ್ಲಾದರೆ ಪಾಠವು ಮುಂದೆ ಹೋಗಿರುತ್ತದೆ. ಪುಸ್ತಕ ತೆರೆದರೆ ಏನೂ ತಿಳಿಯದು. ನಾಚಿಕೆಯಿಂದ ಮಗುವು ಶಾಲೆಯನ್ನೇ ಬಿಟ್ಟೀತು. ಏಣಿಯ ಪದ್ಧತಿಯಲ್ಲಿಯಾದರೋ ಆ ಮಗುವು ಹೋಗುವಾಗ ಯಾವ ಮೆಟ್ಟಿಲಿನಲ್ಲಿತ್ತೋ ಆ ಮೆಟ್ಟಿಲು ಹಾಗೆಯೇ ಕಾದಿರುತ್ತದೆ. ಅದೇ ಕಾರ್ಡನ್ನು ಎತ್ತಿಕೊಂಡು ಮುಂದುವರಿದರಾಯಿತು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂರುವುದರಿಂದ ಹಿಂದೆ ಬಿದ್ದವನೆಂದು ಯಾರೂ ಬೆರಳು ಮಾಡಿ ತೋರಿಸಲಾರರು. ಕಲಿಯುವವನಿಗಾಗಿ ಕಾಯುವ ಶಾಲೆ ಎಂದು ಇದನ್ನು ಕರೆದರೆ ತಪ್ಪಾಗಲಾರದು.

ಇಂತಹ ಶಾಲೆಯನ್ನು ಊರು ಕೂಡ ಕೈಬಿಡದೆ ನೋಡಿಕೊಳ್ಳಬೇಕಾಗುತ್ತದೆ. 2001ರಿಂದೀಚೆಗೆ ಸರಕಾರಿ ಶಾಲೆಗಳಲ್ಲಿ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. ಸುಗ್ಗಿ ಮುಗಿದು, ಮುಂಗಾರಿನ ಉಳುಮೆ ಇನ್ನೂ ಬಿರುಸುಗೊಳ್ಳದ ಈ ಕಾಲದಲ್ಲಿ ಜನರಿಗೆ ಕೊಂಚ ಬಿಡುವು. ಸರಿದ ಹೆಂಚನ್ನು ಸರಿಪಡಿಸುವುದಕ್ಕೂ ಬೇಲಿ ಕಟ್ಟುವುದಕ್ಕೂ ಇದೇ ಸಮಯ. ಮಧ್ಯಾಹ್ನದ ಬಿಸಿಯೂಟವನ್ನು ಬೇಯಿಸುವವರು ಸಾಮಾನ್ಯವಾಗಿ ಅದೇ ಊರಿನ ಹೆಂಗಸರು. ಯಾವ ಮಗು ಉಂಡಿತು, ಯಾವ ಮಗು ಬರಲಿಲ್ಲ ಎಂಬುದು ಅವರಿಗೆ ಹಾಜರಿ ಪುಸ್ತಕವಿಲ್ಲದೆಯೇ ಗೊತ್ತು. ಏಪ್ರಿಲಿನಲ್ಲಿ ರಜೆಗೆ ಮುನ್ನ ಫಲಿತಾಂಶ ತಿಳಿಸುವಾಗ 'ಸಮುದಾಯದತ್ತ ಶಾಲೆ' ಎಂಬ ಸಭೆಯನ್ನು ಸೇರಿಸುವ ವಾಡಿಕೆಯೂ ಬಂದಿದೆ. ಅಂದು ತಂದೆತಾಯಿಗಳು ಬಂದು ಮಕ್ಕಳ ಬರವಣಿಗೆಯನ್ನು ಕಣ್ಣಾರೆ ನೋಡುವರು.

ಎಲ್ಲವೂ ಸುಗಮವಾಗಿದೆಯೆಂದು ತಿಳಿಯಬಾರದು. ಉಪಾಧ್ಯಾಯರು ಒಬ್ಬರೇ ಆಗಿದ್ದರೆ ಪಾಠ, ಲೆಕ್ಕಪತ್ರ, ಊಟದ ವ್ಯವಸ್ಥೆಗಳೆಲ್ಲ ಒಂದೇ ತಲೆಯ ಮೇಲೆ. ಅವರಿಗೆ ಜ್ವರ ಬಂದರೆ ಶಾಲೆಗೇ ಜ್ವರ ಬಂದಂತೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಅರುವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಉಪಾಧ್ಯಾಯರಿರಬೇಕೆಂದು ವಿಧಿಸಿದೆಯಾದರೂ ಒಬ್ಬರೇ ದುಡಿಯುವ ಶಾಲೆಗಳು ಇನ್ನೂ ಉಂಟು. ಅನುಕೂಲವಂತರು ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಶಾಲೆಯ ವಾಹನಕ್ಕೆ ಹತ್ತಿಸುವರು. ಆದುದರಿಂದ ಬೇಸಗೆ ಬಂತೆಂದರೆ ಉಪಾಧ್ಯಾಯರಿಗೆ ಇನ್ನೊಂದು ಲೆಕ್ಕ ಮೊದಲಾಗುತ್ತದೆ: ಬರುವ ಜೂನಿನಲ್ಲಿ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರುವರು? ಎಣಿಕೆ ತೀರ ಇಳಿದರೆ ಶಾಲೆಯನ್ನು ನೆರೆಯೂರಿನ ಶಾಲೆಯೊಡನೆ ಸೇರಿಸುವ ಮಾತು ಏಳುತ್ತದೆ. ದೊಡ್ಡವರಿಗೆ ಅದು ಒಂದೆರಡು ಮೈಲಿಯ ದೂರ. ಕೊಡಗಿನಿಂದ ಮರಳಿದ ಆರು ವರ್ಷದ ಮಗುವಿಗೆ ಅದೇ ಶಾಲೆಯ ಕೊನೆಯಾಗಬಹುದು.

ಮಿತ್ರರೇ, ಈ ಮಾತು ನಮಗೆ ಹೊಸದಲ್ಲ. ಹೊರನಾಡಿನ ಕನ್ನಡ ಶಾಲೆಗಳಲ್ಲಿಯೂ ಬೆಂಚುಗಳು ಹಿಂದಿನಂತೆ ತುಂಬಿಲ್ಲವೆಂಬುದನ್ನು ನೀವೇ ಬಲ್ಲಿರಿ. ಸಂಖ್ಯೆ ಕಡಿಮೆಯಾದರೆ ಶಾಲೆಯು ಬಡವಾಯಿತೆಂದು ಹಲವರು ಹೇಳುವರು. ಹಳ್ಳಿಯ ಕಿರುಶಾಲೆಯು ಬೇರೊಂದು ಪಾಠವನ್ನು ಹೇಳುತ್ತದೆ: ಸಂಖ್ಯೆ ಕಡಿಮೆಯಿರುವಲ್ಲಿ ಪ್ರತಿಯೊಬ್ಬರೂ ಎಣಿಕೆಗೆ ಸಿಗುತ್ತಾರೆ, ಮುಂದಿರುವವನು ಹಿಂದಿರುವವನಿಗೆ ಕೈಕೊಡಲು ಸಾಧ್ಯವಾಗುತ್ತದೆ.

ಮುಂದಿನ ಮಾರ್ಚ್ ತಿಂಗಳ 20ರಂದು ನೀವೂ ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ನಿಲ್ಲಿಸಿ ನೋಡಿರಿ. ಮುಂಬಯಿಯಲ್ಲಿ ಮಧ್ಯಾಹ್ನ ಮುಕ್ಕಾಲು ಗಂಟೆಯ ಸುಮಾರಿಗೆ ನೆರಳು 35 ಸೆಂಟಿಮೀಟರಿನಷ್ಟಿರುವುದು. ಅಳೆಯುವಾಗ ಕೆಳಗಿನ ತರಗತಿಯ ಒಬ್ಬ ಬಾಲಕನನ್ನೋ ಬಾಲಕಿಯನ್ನೋ ಜೊತೆಗೆ ಕರೆದುಕೊಳ್ಳಿರಿ. ಅಳತೆಪಟ್ಟಿಯನ್ನು ಅವರ ಕೈಗೇ ಕೊಡಿರಿ.